ಮಳೆ ಯಾವಾಗ ಬಂದರೂ ಹೊಲ ಬೀಳು ಬೀಳದಂತೆ: ಕೆಂಪು ಮಣ್ಣಿನ ರಾಗಿ ಬೇಸಾಯಗಾರರಿಗೆ ಮಾರ್ಗದರ್ಶಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮಾಗಡಿ, ಅರಸೀಕೆರೆ ಸೀಮೆಯ ಖುಷ್ಕಿ (ಮಳೆಯಾಶ್ರಿತ) ರೈತರಿಗೆ ಮಳೆ ಕೈಕೊಡುವುದು ಹೊಸದಲ್ಲ. ಈಗ ಬದಲಾಗಿರುವುದು ಅದು ಕೈಕೊಡುವ ರೀತಿ. 2021ರ ನವೆಂಬರ್‌ನಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಮಳೆಗೆ ಸಿಕ್ಕಿ ತೆನೆಯಲ್ಲೇ ಮೊಳಕೆ ಒಡೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಒಂದು ವರ್ಷ ಬಿತ್ತನೆಗೆ ಮಳೆ ಇಲ್ಲ, ಇನ್ನೊಂದು ವರ್ಷ ಕೊಯ್ಲಿಗೆ ಬಿಡುವಿಲ್ಲ. ಹೀಗಿರುವಾಗ ಒಂದೇ ತಳಿ, ಒಂದೇ ತಾರೀಖು, ಒಂದೇ ಬೆಳೆಯನ್ನು ನಂಬಿ ಕೂರಬಾರದು. ಮಳೆ ಯಾವ ವಾರ ಬಂದರೆ ಏನು ಮಾಡಬೇಕೆಂದು ಬೇಸಿಗೆಯಲ್ಲೇ ತೀರ್ಮಾನಿಸಿ, ಅದಕ್ಕೆ ಬೇಕಾದ ಬೀಜವನ್ನು ಮನೆಯಲ್ಲಿ ಇಟ್ಟುಕೊಂಡಿರಬೇಕು. ಕೆಳಗೆ ಹೇಳಿರುವುದೆಲ್ಲ ಆ ತಯಾರಿಯ ಕೆಲಸಗಳು, ಬೇಸಿಗೆಯಿಂದ ಕಣದವರೆಗೆ.

ಮೊದಲು ನಿಮ್ಮ ಹೊಲದ ಮಳೆ ಅಳೆಯಿರಿ

ಹೋಬಳಿಯಲ್ಲಿ ಬಿದ್ದ ಮಳೆ ನಿಮ್ಮ ಹೊಲಕ್ಕೆ ಬಿದ್ದಿರಲೇಬೇಕೆಂದಿಲ್ಲ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ನೇರ ಗೋಡೆಯ ಒಂದು ಡಬ್ಬಿ ಸಾಕು. ಮರ, ಸೂರಿನಿಂದ ದೂರ, ಬಯಲಲ್ಲಿ ಗೂಟಕ್ಕೆ ಕಟ್ಟಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಳಿಬಿಟ್ಟು ನೀರಿನ ಎತ್ತರ ನೋಡಿ. ಎಷ್ಟು ಮಿಲಿಮೀಟರ್ ನಿಂತಿದೆಯೋ ಅಷ್ಟೇ ಮಳೆ. ಒಂದು ಮಿಲಿಮೀಟರ್ ಅಂದರೆ ಚದರ ಮೀಟರಿಗೆ ಒಂದು ಲೀಟರ್, ಎಕರೆಗೆ ಸುಮಾರು 4,000 ಲೀಟರ್. ಬರೆದಿಡಿ, ಮರೆಯದೆ ಡಬ್ಬಿ ಖಾಲಿ ಮಾಡಿ.

ಮುನ್ಸೂಚನೆಗೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಸಲಹಾ ಪತ್ರಿಕೆಯಲ್ಲಿ ಮುಂದಿನ ಐದು ದಿನದ ಅಂದಾಜು ಸಿಗುತ್ತದೆ. ಸಿಡಿಲಿಗೆ ದಾಮಿನಿ ಆ್ಯಪ್ ಪ್ರತ್ಯೇಕವಾಗಿದೆ. ಏಪ್ರಿಲ್, ಮೇ ತಿಂಗಳ ಉಳುಮೆಯ ಹೊತ್ತಿನಲ್ಲಿ ಅದನ್ನು ನೋಡದೆ ಹೊಲದಲ್ಲಿ ನಿಲ್ಲಬೇಡಿ. ಮರದಡಿಗಂತೂ ಹೋಗಲೇಬೇಡಿ.

ಬೇಸಿಗೆಯ ಕೆಲಸ: ನೀರು ಓಡದಂತೆ ಮಾಡುವುದು

ಕೆಂಪು ಮಣ್ಣಿಗೆ ಒಂದು ದೌರ್ಬಲ್ಯವಿದೆ. ಜೋರು ಮಳೆ ಬಿದ್ದ ಮೇಲೆ ಮೇಲ್ಪದರ ಹೆಪ್ಪುಗಟ್ಟಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಬಿದ್ದ ನೀರು ಒಳಗಿಳಿಯದೆ ಜಾರಿ ಹೋಗುತ್ತದೆ. ಈಗ ಮಳೆ ಬರುವುದೇ ಕಡಿಮೆ ದಿನ, ಬಂದಾಗ ಜೋರು. ಹಾಗಾಗಿ ಈ ಕೆಲಸಕ್ಕೆ ಮೊದಲಿಗಿಂತ ಹೆಚ್ಚು ಬೆಲೆ ಬಂದಿದೆ.

ಮುಂಗಾರಿಗೆ ಮುಂಚಿನ ಮೊದಲ ಹದ ಮಳೆಗೆ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿ. ಟ್ರ್ಯಾಕ್ಟರಿನವರು ತಿರುಗಿಸುವುದು ಸುಲಭವೆಂದು ಹೊಲದ ಉದ್ದಕ್ಕೇ ಉಳುತ್ತಾರೆ. ಆ ಉದ್ದ ಇಳಿಜಾರಿನ ದಿಕ್ಕಿಗಿದ್ದರೆ ಪ್ರತಿ ಸಾಲೂ ಕಾಲುವೆಯಾಗಿ ಮಣ್ಣು ಹೊತ್ತೊಯ್ಯುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚು ಕೇಳಿದರೂ ಅಡ್ಡಲಾಗಿಯೇ ಉಳುಮೆ ಮಾಡಿಸಿ.

ಬದು ಹಾಕಲು ಸಮಪಾತಳಿ, ಅಂದರೆ ಒಂದೇ ಮಟ್ಟದ ಗೆರೆ, ಗುರುತಿಸಲು ಯಂತ್ರ ಬೇಕಿಲ್ಲ. ಏಳಡಿಯ ಎರಡು ಗಳಗಳನ್ನು ಮೇಲ್ತುದಿಯಲ್ಲಿ ಕಟ್ಟಿ, ಕಾಲು ಅಗಲಿಸಿ, ನಡುವೆ ಅಡ್ಡಪಟ್ಟಿ ಬಿಗಿಯಿರಿ. ಮೇಲ್ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡು ಕಾಲೂ ನೆಲಕ್ಕೂರಿ ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗೀರು ಹಾಕಿ. ಕಾಲುಗಳ ಜಾಗ ಅದಲು ಬದಲು ಮಾಡಿ ಇನ್ನೊಂದು ಗೀರು ಹಾಕಿ. ಎರಡು ಗೀರುಗಳ ಸರಿನಡುವೆ ದಾರ ನಿಂತರೆ ಎರಡು ಕಾಲೂ ಒಂದೇ ಮಟ್ಟದಲ್ಲಿವೆ. ಒಂದು ಕಾಲು ಊರಿ, ಇನ್ನೊಂದನ್ನು ತಿರುಗಿಸುತ್ತಾ ಹೊಲದ ಉದ್ದಕ್ಕೂ ಗೂಟ ಹೊಡೆದುಕೊಂಡು ಹೋದರೆ ಬದುವಿನ ಗೆರೆ ಸಿಕ್ಕಿತು.

ಬದು ಒಡೆಯುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಕೋಡಿ ಬಿಟ್ಟಿರುವುದಿಲ್ಲ. ಇನ್ನೊಂದು, ಹಸಿ ಬದುವಿನ ಮೇಲೆ ಹುಲ್ಲು ಹಿಡಿದಿರುವುದಿಲ್ಲ. ಹೆಚ್ಚಾದ ನೀರು ಹೋಗುವ ಜಾಗವನ್ನು ಬದುವಿನ ಎತ್ತರಕ್ಕಿಂತ ಕೆಳಗೆ, ಗಟ್ಟಿ ನೆಲದಲ್ಲಿ ಬಿಟ್ಟು ಕಲ್ಲು ಹಾಸಿ. ಬದುವಿನ ಮೇಲೆ ಲಾವಂಚ ಅಥವಾ ನಾಸೆ ಹುಲ್ಲಿನ ಬುಡಗಳನ್ನು ಮಳೆ ಶುರುವಾದ ಕೂಡಲೇ ಹತ್ತಿರ ಹತ್ತಿರ ನೆಡಿ. ಗುಂಡ್ಲುಪೇಟೆ ಕಡೆ ಹೊಲದ ಗಡಿಗೆ ಲಾವಂಚ ಇಡುವುದು ಹಳೆಯ ರೂಢಿ. ಅದರ ಬೇರು ಅಡ್ಡ ಹರಡದೆ ನೇರ ಆಳಕ್ಕಿಳಿಯುವುದರಿಂದ ಪಕ್ಕದ ಬೆಳೆಗೆ ತೊಂದರೆಯಿಲ್ಲ.

ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಹೊಂದಿಸಿದರೆ ಹೆಪ್ಪುಗಟ್ಟುವುದೂ ಕಡಿಮೆಯಾಗುತ್ತದೆ. ಅಷ್ಟು ಗೊಬ್ಬರ ಇಲ್ಲದವರು ಮೇ ತಿಂಗಳ ಮಳೆಗೆ ಹಸಿರು ಗೊಬ್ಬರದ ಬೆಳೆಯಾದ ಅಪ್ಸೆಣಬು ಚೆಲ್ಲಿ, ಹೂವು ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸಬಹುದು. ಆಗ ರಾಗಿ ಬಿತ್ತನೆ ತಡವಾಗುತ್ತದೆ, ಮಧ್ಯಮಾವಧಿ ತಳಿಗೆ ಹೋಗಬೇಕಾಗುತ್ತದೆ.

ಬೀಜ: ಒಂದಲ್ಲ, ಮೂರು ಬಗೆ

ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಲಕ್ಷ್ಮಣಯ್ಯ’ನವರ ಕಾಲದಿಂದ ಇಂದಿನವರೆಗೆ ನಮ್ಮಲ್ಲಿ ರಾಗಿ ತಳಿಗೆ ಕೊರತೆಯಾಗಿಲ್ಲ. ತೊಂದರೆ ಬೇರೆ. ಮಳೆ ಬಿದ್ದ ಮರುದಿನ ಎಲ್ಲರೂ ಒಟ್ಟಿಗೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗುತ್ತಾರೆ, ಆಗ ಬೇಕಾದ ಅವಧಿಯ ಬೀಜ ಸಿಗುವುದಿಲ್ಲ. ಮೇ ತಿಂಗಳಲ್ಲೇ ಮೂರೂ ಮನೆಯಲ್ಲಿರಲಿ: ದೀರ್ಘಾವಧಿಗೆ ಎಂಆರ್-6 ಅಥವಾ ಎಲ್-5, ಇವು 120 ದಿನದ ಆಸುಪಾಸಿನವು, ಮಧ್ಯಮಕ್ಕೆ ಜಿಪಿಯು-28 ಅಥವಾ ಎಂಎಲ್-365, 105ರಿಂದ 115 ದಿನ, ಅಲ್ಪಾವಧಿಗೆ ಜಿಪಿಯು-48 ಅಥವಾ ಜಿಪಿಯು-45, ಹೆಚ್ಚು ಕಡಿಮೆ 100 ದಿನ. ರಾಗಿ ಹುಳ ಹಿಡಿಯದ ಕಾಳು. ಈ ವರ್ಷ ಬಿತ್ತದೆ ಉಳಿದ ಬೀಜ ಮುಂದಿನ ವರ್ಷಕ್ಕಾಗುತ್ತದೆ, ದುಡ್ಡು ದಂಡವಾಗುವುದಿಲ್ಲ.

ಇಟ್ಟ ಬೀಜವನ್ನು ಬಿತ್ತುವ ಮೊದಲು ಪರೀಕ್ಷಿಸಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಡಿ, ಆರದಂತೆ ನೀರು ಚಿಮುಕಿಸಿ. ಐದಾರು ದಿನಕ್ಕೆ 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬೇಡ.

ಇನ್ನೊಂದು ಕೆಲಸವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ: ಬೀಜ ಕಠಿಣೀಕರಣ. ಖರ್ಚಿಲ್ಲದ ಕೆಲಸ, ಮೊದಲ ಬಿಸಿಲಿಗೆ ಪೈರು ತಾಳುವ ಶಕ್ತಿ ಇದರಿಂದ ಬರುತ್ತದೆ.

1. ಒಂದು ಕಿಲೋ ಬೀಜಕ್ಕೆ ಒಂದು ಲೀಟರ್ ನೀರು ಹಾಕಿ 6 ಗಂಟೆ ನೆನೆಯಿಡಿ. ರಾತ್ರಿಯಿಡೀ ನೆನೆಸಬಾರದು.
2. ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಎರಡು ದಿನ ಇಡಿ.
3. ಕಾಳಿನ ಮೂತಿಯಲ್ಲಿ ಬಿಳಿ ಚುಕ್ಕೆ ಕಂಡ ಕೂಡಲೇ ಬಿಚ್ಚಿ. ಬೇರು ಉದ್ದ ಹೊರಟರೆ ಕೆಲಸ ಕೆಟ್ಟಿತು, ಒಣಗಿಸಿದಾಗ ಅದು ಮುರಿದುಹೋಗುತ್ತದೆ. ಸೆಕೆ ಹೆಚ್ಚಿದ್ದರೆ ಎರಡು ದಿನ ತುಂಬುವ ಮೊದಲೇ ನೋಡುತ್ತಿರಿ.
4. ನೆರಳಿನಲ್ಲಿ, ಒಣಬಟ್ಟೆಯ ಮೇಲೆ ತೆಳ್ಳಗೆ ಹರಡಿ ಎರಡು ದಿನ ಒಣಗಿಸಿ. ಬಿಸಿಲಿಗೆ ಹಾಕಬೇಡಿ.

ಸಾಲಾಗಿ ಬೀಜ ಬಿಡುವ ಕೂರಿಗೆಯ ಬಿತ್ತನೆಗೆ ಎಕರೆಗೆ 4ರಿಂದ 5 ಕಿಲೋ, ನಾಟಿಗೆ 2 ಕಿಲೋ ಬೀಜ ಸಾಕು. ಕೈಚೆಲ್ಲಿ ಬಿತ್ತಿದರೆ ಬೀಜವೂ ಹೆಚ್ಚು, ಸಾಲುಗಳ ನಡುವೆ ಮಣ್ಣು ಸಡಿಲಿಸುವ ಎಡೆಕುಂಟೆ ಹೊಡೆಯಲೂ ಆಗದು. ಬರದ ವರ್ಷ ಎಡೆಕುಂಟೆಯೇ ಬೆಳೆಯನ್ನು ಕಾಯುವುದು. ಆದ್ದರಿಂದ ಸಾಲಿನಲ್ಲೇ ಬಿತ್ತಿ.

ಮಳೆ ಬಂದ ತಾರೀಖಿನಂತೆ ತೀರ್ಮಾನ

ಇಲ್ಲಿ ದುಡುಕಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ರೋಹಿಣಿಯಲ್ಲೋ ಮೃಗಶಿರದಲ್ಲೋ ಒಂದು ಹದ ಮಳೆ ಬಿದ್ದಾಗ ಊರೆಲ್ಲ ಕೂರಿಗೆ ಕಟ್ಟುತ್ತದೆ. ಆರೇಳು ದಿನಕ್ಕೆ ಮೊಳಕೆ ಬರುತ್ತದೆ, ಆಮೇಲೆ ಹದಿನೈದು ದಿನ ಗಾಳಿ ಬೀಸಿ ಪೈರು ಸುಟ್ಟುಹೋಗುತ್ತದೆ. ಬಿತ್ತುವ ಮುನ್ನ ಹೊಲದ ಮೂರು ನಾಲ್ಕು ಕಡೆ ಗುದ್ದಲಿಯಿಂದ ಬಗೆದು ನೋಡಿ. ತೇವ ಅರ್ಧ ಅಡಿಯಾದರೂ ಇಳಿದಿರಬೇಕು. ಅದಕ್ಕೆ ಒಂದೆರಡು ದಿನದಲ್ಲಿ 25 ಮಿಲಿಮೀಟರಿನಷ್ಟು ಮಳೆ ಬೇಕು. ಕೆಳಗಿನ ಮಣ್ಣು ಒಣಗಿಯೇ ಇದ್ದು ಮುನ್ಸೂಚನೆಯಲ್ಲೂ ಮಳೆ ಇಲ್ಲದಿದ್ದರೆ ಕಾಯಿರಿ. ರಾಗಿಗೆ ಒಂದು ವಾರ ತಡವಾದರೆ ನಷ್ಟವಿಲ್ಲ, ಎರಡು ಸಲ ಬಿತ್ತುವುದರಲ್ಲಿ ನಷ್ಟವಿದೆ.

ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ, ಅಂದರೆ ಆರಿದ್ರಾ, ಪುನರ್ವಸು ಮಳೆಗೆ ಹದವಾದರೆ ದೀರ್ಘಾವಧಿ ತಳಿ. ಸಾಲಿನಿಂದ ಸಾಲಿಗೆ ಒಂದಡಿ ಇರಲಿ. ಪುಷ್ಯ ಮಳೆಗೆ, ಜುಲೈ ಕೊನೆಗೆ, ಮಧ್ಯಮಾವಧಿ. ಆಗ ಎಂಆರ್-6 ಬಿತ್ತಿದರೆ ತೆನೆ ಕಟ್ಟುವ ಹೊತ್ತಿಗೆ ಮಳೆ ಮುಗಿದು ಕಾಳು ಜೊಳ್ಳಾಗುತ್ತದೆ. ಆಶ್ಲೇಷಕ್ಕೂ ಹೊಲ ಖಾಲಿಯಿದ್ದರೆ ಅಲ್ಪಾವಧಿ ತಳಿ, ಅದೂ ಸಾಧ್ಯವಾದರೆ ನಾಟಿ.

ನಾಟಿಗೆ ಬೇಕಾದ ಒಟ್ಲನ್ನು (ಸಸಿಮಡಿ) ಮಳೆ ಬಂದ ಮೇಲೆ ಹಾಕಿದರೆ ಏನೂ ಪ್ರಯೋಜನವಿಲ್ಲ. ಜುಲೈನಲ್ಲೇ, ಕೈನೀರು ಹಾಕಿ ಸಾಕಬಹುದಾದ ಜಾಗದಲ್ಲಿ, ಎಕರೆಗೆ 25 ಅಡಿ ಉದ್ದ 4 ಅಡಿ ಅಗಲದ ಐದಾರು ಮಡಿ ಸಾಕು. ಎಲ್ಲ ಮಡಿಗಳನ್ನೂ ಒಂದೇ ದಿನ ಬಿತ್ತಬೇಡಿ. ಅರ್ಧ ಈಗ, ಅರ್ಧ ಹದಿನೈದು ದಿನ ಬಿಟ್ಟು. ಪೈರು 21ರಿಂದ 25 ದಿನದ್ದಿರುವಾಗ ಕೀಳಬೇಕು. ತಿಂಗಳು ದಾಟಿದ ಪೈರು ಒಟ್ಲಲ್ಲೇ ಗಂಟು ಕಟ್ಟಿ, ನೆಟ್ಟ ಮೇಲೆ ತೆಂಡೆ (ಬುಡದ ಮರಿಕವಲು) ಒಡೆಯದೆ ಬೇಗ ತೆನೆ ಬಿಡುತ್ತದೆ. ಎರಡು ಕಂತಿನಲ್ಲಿ ಹಾಕಿದ್ದರೆ ಮಳೆ ಯಾವಾಗ ಬಂದರೂ ಒಂದು ಕಂತು ಸರಿವಯಸ್ಸಿನಲ್ಲಿರುತ್ತದೆ.

ಕೈಯಾಳು ಇರುವ ಮನೆಯವರು ಅರ್ಧ ಎಕರೆಯಲ್ಲಾದರೂ ಗುಳಿ ರಾಗಿ ಮಾಡಿ ನೋಡಬೇಕು. ಹಾವೇರಿ ಕಡೆಯ ರೈತರ ಪದ್ಧತಿ ಇದು. ಒಂದೂವರೆ ಅಡಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಸಾಲು ಎಳೆದು, ಸಾಲು ಕೂಡುವಲ್ಲಿ ಗುಳಿ ತೆಗೆದು, ಒಂದು ಹಿಡಿ ಗೊಬ್ಬರ ಹಾಕಿ, ಎರಡು ಪೈರು ನೆಡುವುದು. ನೆಟ್ಟ 15 ದಿನದಿಂದ 45 ದಿನದೊಳಗೆ, ಮಣ್ಣು ಹಸಿಯಿರುವಾಗ, ಹಗುರವಾದ ಕೊರಡನ್ನು ಪೈರಿನ ಮೇಲೆ ಎಳೆದು ಬಾಗಿಸುತ್ತಾರೆ. ಬಾಗಿದ ಪೈರು ಬುಡದಿಂದ ಹತ್ತಾರು ತೆಂಡೆ ಒಡೆಯುತ್ತದೆ. ಎಕರೆಗೆ ಅರ್ಧ ಕಿಲೋಗಿಂತ ಕಡಿಮೆ ಬೀಜ ಸಾಕು, ಆದರೆ ಗುಳಿ ಸುಮಾರು 19,000 ಆಗುತ್ತದೆ. ಒಣ ನೆಲದಲ್ಲಿ ಕೊರಡು ಎಳೆದರೆ ಪೈರು ಏಳುವುದಿಲ್ಲ. ಕೂಲಿ ಕೊಟ್ಟೇ ಮಾಡಿಸುವವರಿಗೆ ಇದು ಲೆಕ್ಕಕ್ಕೆ ಬರುವುದು ಕಷ್ಟ.

ಮಖೆ ಮಳೆಯೂ ಕಳೆದು ಆಗಸ್ಟ್ ಮುಗಿಯಿತೆಂದರೆ ರಾಗಿಯ ಆಸೆ ಬಿಡಿ. ಹುರುಳಿ ಎಕರೆಗೆ 10ರಿಂದ 12 ಕಿಲೋ ಬಿತ್ತಿ. ಪಿಎಚ್‌ಜಿ-9 ಈ ಸೀಮೆಗೆ ಒಗ್ಗಿದ ತಳಿ. ಮಧುಗಿರಿ, ಪಾವಗಡ, ಶಿರಾ ಕಡೆಯವರಿಗೆ ಕೊರಲೆ ಎಂಬ ಸಿರಿಧಾನ್ಯ ಗೊತ್ತೇ ಇದೆ, ಎರಡೂವರೆ ತಿಂಗಳಿನ ಆಸುಪಾಸಿನಲ್ಲಿ ಬರುತ್ತದೆ. ಆಗಸ್ಟಿನಲ್ಲೇ ಹದ ಸಿಕ್ಕರೆ ಅದಕ್ಕೂ ಒಂದು ತುಂಡು ಕೊಡಿ. ದನ ಇರುವವರು ಮೇವಿಗೆ ಜೋಳ ಹಾಕುವಾಗ ಎಚ್ಚರವಿರಲಿ. ಎಳೆಯ ಜೋಳದಲ್ಲೂ, ಮಳೆಯಿಲ್ಲದೆ ಬಾಡಿದ ಜೋಳದಲ್ಲೂ, ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲೂ ಸಯನೈಡ್ ವಿಷ ಇರುತ್ತದೆ. ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿನಲ್ಲೇ ದನ ಸಾಯಬಹುದು. ಹೂವು ಬರುವವರೆಗೆ ಕೊಯ್ಯಬೇಡಿ, ಬಾಡಿದ ಹೊಲಕ್ಕೆ ದನ ಬಿಡಬೇಡಿ.

ಅಕ್ಕಡಿ ಸಾಲು ಬಿಡಬೇಡಿ

ಕೂರಿಗೆಯ ಹಿಂದೆ ಸಡ್ಡೆ (ಬೀಜ ಬಿಡುವ ಕೊಳವೆ) ಕಟ್ಟಿ ರಾಗಿಯ ನಡುವೆ ತೊಗರಿ, ಅವರೆ, ಜೋಳ, ಹರಳು, ಹುಚ್ಚೆಳ್ಳು ಬಿಡುವ ಅಕ್ಕಡಿ ಪದ್ಧತಿಗಿಂತ ಒಳ್ಳೆಯ ವಿಮೆ ಖುಷ್ಕಿಗೆ ಇನ್ನೊಂದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ರಾಗಿಯ ಬೇರು ಮೇಲ್ಪದರದ್ದು, ತೊಗರಿಯದು ಆಳದ್ದು. ಸೆಪ್ಟೆಂಬರ್ ಕೈಕೊಟ್ಟು ರಾಗಿ ಸೊರಗಿದ ವರ್ಷವೂ ಅಕ್ಟೋಬರ್ ಮಳೆಗೆ ತೊಗರಿ ಚೇತರಿಸಿಕೊಳ್ಳುತ್ತದೆ.

ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಅವರೆಯಾದರೆ ಎಂಟಕ್ಕೆ ಒಂದು. ಎರಡು ತೊಗರಿ ಸಾಲಿನ ನಡುವೆ ಎರಡಡಿ ಜಾಗ ಬಿಟ್ಟು, ಬಿತ್ತಿದ ಐದನೆಯ ವಾರದಲ್ಲಿ ಅಲ್ಲಿ ನೇಗಿಲಿನಿಂದ ಒಂದು ಆಳದ ಸಾಲು ಹೊಡೆಯಿರಿ. ಇದನ್ನು ಸಂರಕ್ಷಣಾ ಸಾಲು ಎನ್ನುತ್ತಾರೆ. ಆಮೇಲಿನ ಜೋರು ಮಳೆ ಅದರಲ್ಲಿ ನಿಂತು ಇಂಗುತ್ತದೆ, ಅತಿಯಾದಾಗ ಬಸಿದೂ ಹೋಗುತ್ತದೆ.

ತೊಗರಿಗೆ ತಡವಾದ ಬಿತ್ತನೆ ಒಗ್ಗದು. ಜೂನಿನಲ್ಲಿ ಮಳೆ ಬರುತ್ತದೆಂಬ ನಂಬಿಕೆ ಇಲ್ಲದಿದ್ದರೆ ಮೇ ಕೊನೆಗೆ ಪಾಲಿಥೀನ್ ಚೀಲಗಳಲ್ಲಿ ಎರಡೆರಡು ಕಾಳು ಊರಿ, ನಾಲ್ಕು ವಾರದ ಸಸಿಗಳನ್ನು ಮಳೆ ಬಂದ ದಿನ ಸಾಲಿಗೆ ನೆಡಿ. ಚೀಲ ಬಿಡಿಸುವಾಗ ಮಣ್ಣಿನ ಹೆಂಟೆ ಒಡೆದರೆ ತಾಯಿಬೇರು ಕಡಿದು ಗಿಡ ಉಳಿಯುವುದಿಲ್ಲ. ಹಿಂದಿನ ಸಂಜೆ ನೀರು ಹಾಕಿದ್ದರೆ ಹೆಂಟೆ ಗಟ್ಟಿಯಿರುತ್ತದೆ.

ನಡುವೆ ಮಳೆ ನಿಂತರೆ

ಹತ್ತು ದಿನ ಮಳೆಯಿಲ್ಲವೆಂದರೆ ಮೊದಲ ಕೆಲಸ ಎಡೆಕುಂಟೆ. ಕಳೆ ಇರಲಿ ಇಲ್ಲದಿರಲಿ, ಹೊಡೆಯಿರಿ. ಮೇಲ್ಮಣ್ಣು ಪುಡಿಯಾದರೆ ಕೆಳಗಿನ ತೇವ ಬಿರುಕುಗಳಿಂದ ಆವಿಯಾಗುವುದು ತಪ್ಪುತ್ತದೆ. ದಟ್ಟವಾದ ಕಡೆ ಪೈರು ತೆಗೆದು ತೆಳುವು ಮಾಡಿ.

ಯೂರಿಯಾ ಮೇಲುಗೊಬ್ಬರವನ್ನು ಒಣ ನೆಲಕ್ಕೆ ಚೆಲ್ಲಬೇಡಿ. ಎಕರೆಗೆ ಡಿಎಪಿ 35, ಪೊಟ್ಯಾಷ್ 25, ಯೂರಿಯಾ 30 ಕಿಲೋ ಎಂದು ಇಟ್ಟುಕೊಂಡರೆ, ಯೂರಿಯಾದ ಅರ್ಧ ಮಾತ್ರ ಬಿತ್ತನೆಗೆ. ಉಳಿದರ್ಧ ತಿಂಗಳಿಗೆ, ಮಣ್ಣು ಹಸಿಯಾಗಿದ್ದರೆ. ಮಳೆ ಬಾರದಿದ್ದರೆ ಲೀಟರಿಗೆ 20 ಗ್ರಾಂ ಯೂರಿಯಾ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಮಳೆ ಮರಳಿದ ಖುಷಿಗೆ ಎರಡು ಪಾಲು ಯೂರಿಯಾ ಹಾಕುವ ಅಭ್ಯಾಸವಿದೆ, ಅದರ ಹಿಂದೆಯೇ ಬೆಂಕಿ ರೋಗ ಬರುತ್ತದೆ. ಮೋಡ, ಜಿಟಿಜಿಟಿ ಮಳೆ, ಹೆಚ್ಚಿನ ಸಾರಜನಕ ಮೂರೂ ಕೂಡಿದರೆ ಕುತ್ತಿಗೆಯಲ್ಲಿ ಕಪ್ಪಾಗಿ ತೆನೆ ಜೊಳ್ಳು ಬೀಳುತ್ತದೆ. ಜಿಪಿಯು-28 ಈ ರೋಗವನ್ನು ತಡೆಯುತ್ತದೆ.

ಕೃಷಿ ಹೊಂಡ: ಲೆಕ್ಕ ಹಾಕಿ ತೋಡಿ

ಹೊಲದಲ್ಲಿ ಮಳೆನೀರು ಹಿಡಿಯುವ ಹೊಂಡಕ್ಕೆ ಸಹಾಯಧನ ಕೊಡುವ ರಾಜ್ಯದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಬಂದ ಮೇಲೆ ಹೊಂಡಗಳು ಬಹಳ ಆದವು. ತುಂಬದ ಹೊಂಡಗಳೂ ಅಷ್ಟೇ ಇವೆ, ಕಾರಣ ಲೆಕ್ಕ ತಪ್ಪಿರುವುದು. 12 ಮೀಟರ್ ಉದ್ದ, 12 ಅಗಲ, 3 ಆಳದ ಹೊಂಡಕ್ಕೆ ಬದಿಯ ಇಳಿಜಾರು ಒಂದು ಮೀಟರ್ ಆಳಕ್ಕೆ ಒಂದು ಮೀಟರಿನಂತೆ ಇಟ್ಟರೆ ತಳ 6 ಮೀಟರ್ ಚೌಕವಾಗುತ್ತದೆ, ಹಿಡಿಯುವ ನೀರು ಸುಮಾರು 2.5 ಲಕ್ಷ ಲೀಟರ್. ಒಂದು ಎಕರೆಗೆ 40 ಮಿಲಿಮೀಟರ್ ಮಳೆ ಬಿದ್ದು ಅದರ ಶೇಕಡ 15ರಷ್ಟು ಹರಿದರೆ ಬರುವುದು 24,000 ಲೀಟರ್ ಮಾತ್ರ. ಎರಡೆಕರೆಯ ನೀರು ಬಂದರೂ ಅಂಥ ಐದು ಮಳೆ ಬೇಕು ತುಂಬಲು. ಸುತ್ತಲಿನ ಹರಿವು ನೋಡದೆ 21 ಮೀಟರಿನ ಹೊಂಡಕ್ಕೆ ಹೋಗಬೇಡಿ.

ತುಂಬಿದ ಆ 2.5 ಲಕ್ಷ ಲೀಟರ್ ಏನಕ್ಕಾಗುತ್ತದೆ? ಎಕರೆಗೆ 3 ಸೆಂಟಿಮೀಟರ್ ನೀರು ಕೊಡಲು 1.2 ಲಕ್ಷ ಲೀಟರ್ ಬೇಕು. ಆವಿಯಾಗುವುದನ್ನು ಕಳೆದರೆ ಒಂದೆಕರೆಗೆ ಎರಡು ಸಲ ಕೊಡುವುದೂ ಕಷ್ಟವೇ. ಆದ್ದರಿಂದ ತೆಂಡೆ ಒಡೆಯುವಾಗ ಕೈ ಹಿಡಿದಿಟ್ಟು, ತೆನೆ ಹೊರಡುವ, ಹಾಲು ಕಟ್ಟುವ ವಾರಕ್ಕೆ ಉಳಿಸಿ. ತುಂತುರು ಪೈಪಿನಲ್ಲೇ ಕೊಡಿ. ಹೊಂಡದ ನೀರು ನಂಬಿ ಟೊಮೆಟೊ ಇಟ್ಟವರು ರಾಗಿಯನ್ನೂ ಕಳೆದುಕೊಳ್ಳುತ್ತಾರೆ.

ನೀರು ಒಳಬರುವ ಬಾಯಿಗೆ ಎರಡು ಮೂರು ಮೀಟರ್ ಮೊದಲೇ ಒಂದು ಹೂಳು ಗುಂಡಿ ತೋಡಿ, ಪ್ರತಿ ಜೋರು ಮಳೆಯ ನಂತರ ಬಳಿಯಿರಿ. ಕೆಂಪು ಮಣ್ಣು ನೀರು ಹಿಡಿಯದು, ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ಹಾಸುವ ಮೊದಲು ಕಲ್ಲು, ಬೇರು ಆರಿಸಿ ನುಣ್ಣನೆ ಮಣ್ಣು ಸವರಿ; ಬಿಗಿಯಾಗಿ ಎಳೆಯದೆ ಸಡಿಲ ಬಿಡಿ; ಅಂಚನ್ನು ಒಂದೂವರೆ ಅಡಿ ಆಳದ ಚರಂಡಿಯಲ್ಲಿ ಹೂಳಿ. ಪೂರ್ತಿ ಬರಿದು ಮಾಡಬೇಡಿ, ಖಾಲಿ ಹಾಳೆಯನ್ನು ಗಾಳಿ ಎತ್ತಿ ಹರಿಯುತ್ತದೆ.

ಬೇಲಿ ಇಲ್ಲದ ಹೊಂಡ ಕೊಲ್ಲುತ್ತದೆ. ಹಾಳೆ ಪಾಚಿಗಟ್ಟಿ ಜಾರುವುದರಿಂದ ಈಜು ಬಲ್ಲವರೂ ಮೇಲೆ ಹತ್ತಲಾರರು. ಹೀಗೆ ಮಕ್ಕಳು ಸತ್ತಿದ್ದಾರೆ. ನೀರು ತುಂಬುವ ಮೊದಲೇ ಸುತ್ತ ತಂತಿ ಬೇಲಿ ಹಾಕಿ, ಬಾಗಿಲಿಗೆ ಬೀಗ ಹಾಕಿ. ಮೂಲೆಗೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ಕಲ್ಲುಕಂಬಕ್ಕೆ ಬಿಗಿದು, ತಳದವರೆಗೂ ಇಳಿಬಿಟ್ಟಿರಿ.

ಕೊಯ್ಲಿನ ಮಳೆಗೆ

ಮೊದಲು ಕೊಯ್ದ ರಾಗಿಯನ್ನು ಹೊಲದಲ್ಲೇ ಹರವಿ ನಾಲ್ಕಾರು ದಿನ ಬಿಡುವ ರೂಢಿಯಿತ್ತು. ನವೆಂಬರ್ ಮಳೆ ಈಗ ಅದಕ್ಕೆ ಬಿಡುವು ಕೊಡುವುದಿಲ್ಲ. ಐದು ದಿನದ ಮುನ್ಸೂಚನೆ ನೋಡದೆ ಕುಡುಗೋಲು ಹಾಕಬೇಡಿ. ಮೋಡವಿದ್ದು ತೆನೆ ಬಲಿತಿದ್ದರೆ ತೆನೆ ಮಾತ್ರ ಕೊಯ್ದು ಸೂರಿನಡಿ ತೆಳ್ಳಗೆ ಹರಡಿ, ಹುಲ್ಲನ್ನು ಆಮೇಲೆ ಕೊಯ್ಯಬಹುದು. ಹಸಿ ತೆನೆಯನ್ನು ಗುಡ್ಡೆ ಹಾಕಿ ಟಾರ್ಪಾಲಿನ್ ಮುಚ್ಚಿದರೆ ಒಳಗೆ ಕಾವು ಏರಿ ಒಂದೆರಡು ದಿನದಲ್ಲೇ ಮುಗ್ಗುತ್ತದೆ; ಮಳೆ ನಿಂತ ಕೂಡಲೇ ಸರಿಸಿ ಗಾಳಿಯಾಡಿಸಿ. ಮೆದೆಯನ್ನು ಕಲ್ಲು ಅಥವಾ ಮರದ ಅಟ್ಟಣೆಯ ಮೇಲೆ ಒಟ್ಟಿ, ನೀರು ಹೊರಗಿಳಿಯುವಂತೆ ನೆತ್ತಿ ಚೂಪಾಗಿರಲಿ.

ವಿಮೆ ಮತ್ತು ಬೆಳೆ ಸಮೀಕ್ಷೆ

ಪ್ರಧಾನಮಂತ್ರಿ ಫಸಲ್ ಬಿಮಾ (ಬೆಳೆ ವಿಮೆ) ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತರ ಕಂತು ವಿಮಾ ಮೊತ್ತದ ಶೇಕಡ 2. ಬೆಳೆಗೊಂದು ಕೊನೆಯ ದಿನಾಂಕ ಇರುತ್ತದೆ, ಬಿತ್ತನೆಗಾಗಿ ಕಾಯುತ್ತಾ ಅದನ್ನು ದಾಟಿಸಬೇಡಿ. ಮಳೆಯಿಲ್ಲದೆ ವಿಮಾ ಘಟಕದ (ವಿಮೆಗೆ ಒಟ್ಟಾಗಿ ಲೆಕ್ಕ ಹಾಕುವ ಪ್ರದೇಶ) ಹೆಚ್ಚಿನ ಭಾಗದಲ್ಲಿ ಬಿತ್ತನೆಯೇ ಆಗದಿದ್ದರೆ ವಿಮಾ ಮೊತ್ತದ ಶೇಕಡ 25 ಕೊಟ್ಟು ಪಾಲಿಸಿ ಮುಗಿಸುವ ನಿಯಮವಿದೆ. ಕೊಯ್ದು ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೆ ಅದಕ್ಕೂ ಪರಿಹಾರ ಉಂಟು, ಆದರೆ 72 ಗಂಟೆಯೊಳಗೆ ತಿಳಿಸಿರಬೇಕು. ಊರಿಗೇ ಗೊತ್ತಿದೆಯಲ್ಲ ಎಂದು ಸುಮ್ಮನಿದ್ದವರ ಅರ್ಜಿ ನಿಲ್ಲುವುದಿಲ್ಲ.

ಅರ್ಜಿ ತಿರಸ್ಕೃತವಾಗಲು ಇನ್ನೊಂದು ಸಾಮಾನ್ಯ ಕಾರಣ, ವಿಮೆಯಲ್ಲಿ ಬರೆಸಿದ ಬೆಳೆಗೂ, ಯಾವ ಹೊಲದಲ್ಲಿ ಯಾವ ಬೆಳೆ ಎಂದು ಸರ್ಕಾರ ಗುರುತಿಸುವ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿರುವುದು. ರಾಗಿಯೊಳಗೆ ತೊಗರಿ ಇದ್ದರೆ ಮಿಶ್ರ ಬೆಳೆಯೆಂದೇ ನಮೂದಿಸಬೇಕು. ಸಮೀಕ್ಷೆಯನ್ನು ರೈತರೇ ಆ್ಯಪಿನಲ್ಲಿ ಮಾಡಬಹುದು; ಪೈರು ಗುರುತು ಸಿಗುವಷ್ಟು ಬೆಳೆದ ಮೇಲೆ ಹೊಲದೊಳಗೇ ನಿಂತು ಫೋಟೊ ತೆಗೆಯಿರಿ. ಬೇರೆಯವರು ಮಾಡಿ ಹೋಗಿದ್ದರೆ ನಿಮ್ಮ ಸರ್ವೆ ನಂಬರಿಗೆ ಯಾವ ಬೆಳೆ ಬಿದ್ದಿದೆ ಎಂದು ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿ ಮುಗಿಯುವ ಮೊದಲೇ ಗ್ರಾಮ ಆಡಳಿತಾಧಿಕಾರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಸ್ವೀಕೃತಿ, ಕಂತು ಕಟ್ಟಿದ ರಸೀದಿ, ಮಳೆ ಬರೆದಿಟ್ಟ ಪುಸ್ತಕ ಮೂರೂ ಒಂದೇ ಚೀಲದಲ್ಲಿರಲಿ.